ಆರ್ಕ್ಟಿಕ್‌ನ ‘ನಾಲ್ಕು ಪಟ್ಟು’ ತಾಪ: ಒಂದು ಮರುಪರಿಶೀಲನೆ

ಆರ್ಕ್ಟಿಕ್ ಪ್ರದೇಶ ಉಳಿದ ಭೂಮಿಗಿಂತ ವೇಗವಾಗಿ ಬಿಸಿಯಾಗುತ್ತಿದೆ ಎಂಬುದರಲ್ಲಿ ತಕರಾರಿಲ್ಲ. 1979ರಿಂದೀಚಿನ ಉಪಗ್ರಹ ದಾಖಲೆಯಲ್ಲಿ ಸೆಪ್ಟೆಂಬರ್ ತಿಂಗಳ ಸಾಗರಹಿಮ ಕುಗ್ಗುತ್ತ ಬಂದಿದೆ; 2012ರಲ್ಲಿ ಅದು ಸುಮಾರು 34 ಲಕ್ಷ ಚದರ ಕಿಲೋಮೀಟರಿಗೆ ಇಳಿದಿತ್ತು. ತಕರಾರಿರುವುದು ವೇಗವನ್ನು ಅಳೆಯುವ ಬಗೆಯಲ್ಲಿ.

ಬಹುಕಾಲ ‘ಎರಡು ಪಟ್ಟು’ ಎನ್ನುತ್ತಿದ್ದರು. 2022ರಲ್ಲಿ ಮಿಕಾ ರಾಂಟನೆನ್ ಮತ್ತು ಸಂಗಡಿಗರು ಅದನ್ನು ‘ಸುಮಾರು ನಾಲ್ಕು ಪಟ್ಟು’ ಎಂದು ತಿದ್ದಿದರು. 1979-2021ರ ಅವಧಿಯಲ್ಲಿ ಆರ್ಕ್ಟಿಕ್ ವೃತ್ತದೊಳಗೆ ದಶಕಕ್ಕೆ 0.73 ಡಿಗ್ರಿ ಸೆಲ್ಸಿಯಸ್, ಜಗತ್ತಿನ ಸರಾಸರಿ 0.19. ಲೆಕ್ಕ ಸರಿಯಾಗಿಯೇ ಇದೆ. ಆದರೆ ವರ್ಷದ ಸರಾಸರಿಯಿಂದ ಬಂದ ಈ ಅಂಕಿಯನ್ನು ಪರಿಸರದ ಮೇಲಾದ ಪೆಟ್ಟಿನ ಅಳತೆಯೆಂದೇ ಉಲ್ಲೇಖಿಸುವ ರೂಢಿಗೆ ನನ್ನ ಆಕ್ಷೇಪವಿದೆ.

ಬೇಸಿಗೆಯಲ್ಲಿ ಮಂಜುಗಡ್ಡೆ ಕರಗುತ್ತಿರುವಷ್ಟು ಕಾಲ ಅದರ ಮೇಲಿನ ಗಾಳಿ ಸೊನ್ನೆ ಡಿಗ್ರಿಯ ಆಸುಪಾಸಿನಲ್ಲೇ ಇರುತ್ತದೆ. ಬಂದ ಶಾಖವೆಲ್ಲ ಕರಗಿಸುವುದಕ್ಕೇ ವ್ಯಯವಾಗುತ್ತದೆ. ಹಿಮ ಸರಿದು ತೆರೆದುಕೊಂಡ ಕಪ್ಪು ನೀರು ಬಿಸಿಲನ್ನು ಹೀರಿಕೊಂಡು, ಆ ಶಾಖವನ್ನು ಶರತ್ಕಾಲದಲ್ಲಿ, ಚಳಿಗಾಲದ ಆರಂಭದಲ್ಲಿ ಗಾಳಿಗೆ ಬಿಟ್ಟುಕೊಡುತ್ತದೆ. ಹೀಗಾಗಿ ತಾಪದ ಏರಿಕೆ ದೊಡ್ಡದಾಗಿ ಕಾಣುವುದು ಈ ತಿಂಗಳುಗಳಲ್ಲಿ. ಹಿಮವೇ ಕಳೆದುಹೋಗುವ ಬೇಸಿಗೆಯಲ್ಲಿ ತಾಪಮಾಪಕ ಹೆಚ್ಚುಕಡಿಮೆ ಸುಮ್ಮನಿರುತ್ತದೆ. ಸಾಗರದ ಮಟ್ಟಿಗಾದರೂ, ಹಾನಿ ನಡೆಯುವ ಕಾಲವೂ ಅಂಕಿ ಏರುವ ಕಾಲವೂ ಬೇರೆಬೇರೆ ಎನ್ನಬಹುದು.

‘ಸಾಗರದ ಮಟ್ಟಿಗೆ’ ಎಂದದ್ದಕ್ಕೆ ಕಾರಣವಿದೆ. 2020ರ ಜೂನ್ 20ರಂದು ಸೈಬೀರಿಯಾದ ವೆರ್ಖೊಯಾನ್ಸ್ಕ್‌ನಲ್ಲಿ 38 ಡಿಗ್ರಿ ದಾಖಲಾಯಿತು. ನೆಲದ ಮೇಲೆ ಬೇಸಿಗೆಯ ತಾಪಕ್ಕೆ ಅಂಥ ಕಡಿವಾಣವಿಲ್ಲ. ಚಳಿಗಾಲದ ಏರಿಕೆಗೂ ಹಿಮದ ನಷ್ಟವೊಂದೇ ಕಾರಣವಲ್ಲ. ಕೆಳಮಟ್ಟದ ಗಾಳಿಯಲ್ಲೇ ಶಾಖ ಉಳಿದುಬಿಡುವ ಪ್ರಕ್ರಿಯೆಗೆ ಪಿಥಾನ್ ಮತ್ತು ಮಾರಿಟ್ಸನ್ 2014ರಲ್ಲಿ ಇನ್ನೂ ದೊಡ್ಡ ಪಾಲು ಕೊಟ್ಟಿದ್ದಾರೆ. ನನ್ನ ವಾದ ಅದನ್ನು ಅಲ್ಲಗಳೆಯುವುದಿಲ್ಲ.

ಗಡಿಯದೂ ಒಂದು ತೊಡಕು. ಹಿಮಕರಡಿಗಳಿಗೆ ಹೆಸರಾದ ಹಡ್ಸನ್ ಕೊಲ್ಲಿಯ ಚರ್ಚಿಲ್ ಪಟ್ಟಣ ಸುಮಾರು 59 ಡಿಗ್ರಿ ಉತ್ತರದಲ್ಲಿದೆ, ಎಂದರೆ ಆರ್ಕ್ಟಿಕ್ ವೃತ್ತದ ಹೊರಗೆ. ಹಿಮವಿಲ್ಲದ ದಿನಗಳು ಹೆಚ್ಚಿ ಅಲ್ಲಿನ ಕರಡಿಗಳು ದಡದಲ್ಲಿ ಉಪವಾಸವಿರುವ ಕಾಲ ಉದ್ದವಾಗಿದೆ. ಆದರೂ ‘ನಾಲ್ಕು ಪಟ್ಟು’ ಲೆಕ್ಕದಲ್ಲಿ ಅವುಗಳ ನೆಲೆಯೇ ಇಲ್ಲ.

ಹವಾಮಾನ ಮಾದರಿಗಳು ಈ ಅನುಪಾತವನ್ನು ಕಡಿಮೆಯಾಗಿ ತೋರಿಸುತ್ತವೆ. ಅದು ಮಾದರಿಗಳ ದೋಷವೋ, ನಿಸರ್ಗದ ಸಹಜ ಏರಿಳಿತವೋ ಎಂಬುದು ಇತ್ಯರ್ಥವಾಗಿಲ್ಲ. ಅಲ್ಲಿಯತನಕ ಈ ಅಂಕಿಯನ್ನು ಬಳಸುವವರು ಅವಧಿ, ಗಡಿ, ಋತು ಈ ಮೂರನ್ನೂ ಜೊತೆಯಲ್ಲೇ ನಮೂದಿಸಬೇಕು.