ಕಾರಿನ ಗಾಜಿನ ಒಳಮಬ್ಬು

ಕಾರಿನೊಳಗಿನ ನೀರಾವಿಯು ತಣ್ಣನೆಯ ಗಾಜಿಗೆ ತಾಗಿ ಸೂಕ್ಷ್ಮ ಹನಿಗಳಾಗಿ ಕೂರುವುದನ್ನು ಒಳಮಬ್ಬು ಎನ್ನಬಹುದು. ಗಾಜಿನ ಉಷ್ಣತೆಯು ಒಳಗಾಳಿಯ ಇಬ್ಬನಿ ಬಿಂದುವಿಗಿಂತ ಕೆಳಗಿಳಿದಾಗ ಇದು ಉಂಟಾಗುತ್ತದೆ. ಪ್ರಯಾಣಿಕರ ಉಸಿರು, ನೆನೆದ ಬಟ್ಟೆ ಹಾಗೂ ಕೊಡೆಗಳು ಈ ನೀರಾವಿಯ ಮೂಲಗಳು. ಮೈಸೂರು ಜಿಲ್ಲೆಯ ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ ಮತ್ತು ಹೆಗ್ಗಡದೇವನಕೋಟೆಗಳಲ್ಲಿ ಮುಂಗಾರು ಮಳೆಯಲ್ಲೂ ಚಳಿಗಾಲದ ಮುಂಜಾನೆಯಲ್ಲೂ ಇದು ಕಂಡುಬರುತ್ತದೆ. ನಾಗರಹೊಳೆ ಕಾಡಿನ ರಸ್ತೆಗಳಲ್ಲಿ ಅಡ್ಡಬರುವ ಆನೆ, ಜಿಂಕೆಗಳು ಚಾಲಕನಿಗೆ ಕಾಣದೆ ಅಪಘಾತವಾಗುವ ಸಂಭವವಿದೆ.

== ನಿವಾರಣೆ ==

ಎ.ಸಿ.ಯ ತಣ್ಣನೆಯ ಕೊಳವೆಗಳ ಮೇಲೆ ನೀರಾವಿಯು ಹನಿಯಾಗಿ ಹೊರಹರಿಯುವುದರಿಂದ ಗಾಳಿ ಒಣಗುತ್ತದೆ. ಆದ್ದರಿಂದ ಚಳಿಯಲ್ಲೂ ಹೀಟರಿನೊಂದಿಗೆ ಎ.ಸಿ. ಹಾಕಿ, ಹೊರಗಾಳಿಯನ್ನು ಒಳಬಿಟ್ಟು, ಅದನ್ನು ಮುಂಗಾಜಿನತ್ತ ತಿರುಗಿಸಬೇಕು. ಎ.ಸಿ. ಇಲ್ಲದಿದ್ದರೆ ಕಿಟಕಿಗಳನ್ನು ಬೆರಳಗಲ ತೆರೆಯಬೇಕು. ಕೈಯಿಂದ ಒರೆಸಿದರೆ ಜಿಡ್ಡು ಉಳಿದು ಮತ್ತೆ ಬೇಗ ಮಬ್ಬಾಗುತ್ತದೆ. ಶುಭ್ರವಾದ ಒಣಬಟ್ಟೆ ಉತ್ತಮ. ವೈಪರ್ ಆಡಿಸಿದಾಗ ಮಬ್ಬು ಹೋದರೆ ಅದು ಗಾಜಿನ ಹೊರಮೈಯದು, ಆಗ ಎ.ಸಿ.ಯ ತಂಪನ್ನು ಕಡಿಮೆ ಮಾಡಬೇಕು.