ಕಾವಲು ಮತ್ತು ಕೊಟ್ಟಿಗೆ: ಎಳೆಯ ದನಗಳ ಮೇವಿನ ಎರಡು ಪದ್ಧತಿಗಳು

ಅಮೃತಮಹಲ್ ಎತ್ತುಗಳ ವೇಗವನ್ನೂ ದೃಢತೆಯನ್ನೂ ಕುರಿತು ಬಹಳ ಬರೆಯಲಾಗಿದೆ. ಆ ಎತ್ತುಗಳು ಕರುಗಳಾಗಿದ್ದಾಗ ಎಲ್ಲಿ, ಯಾವ ಮೇವಿನಿಂದ ಬೆಳೆದವೆಂಬ ಪ್ರಶ್ನೆಗೆ ಅಷ್ಟು ಗಮನ ದೊರೆತಿಲ್ಲ. ಚಿಕ್ಕಮಗಳೂರು ಜಿಲ್ಲೆಯಲ್ಲಿ ಎಳೆಯ ದನಗಳನ್ನು ಬೆಳೆಸುವ ಎರಡು ಪದ್ಧತಿಗಳನ್ನು ನಾವು ಕಾಣುತ್ತೇವೆ. ಪೂರ್ವದ ಅಜ್ಜಂಪುರ, ಬೀರೂರುಗಳ ಬಯಲಿನಲ್ಲಿ ಕಾವಲು. ಪಶ್ಚಿಮದ ಮೂಡಿಗೆರೆ, ಕಳಸಗಳ ಕಾಫಿ ಸೀಮೆಯಲ್ಲಿ ಕೊಟ್ಟಿಗೆ.

ಚಿಕ್ಕದೇವರಾಜ ಒಡೆಯರು (೧೬೭೩–೧೭೦೪) ಅರಮನೆಯ ದನಗಳಿಗಾಗಿ ಬೆಣ್ಣೆ ಚಾವಡಿಯೆಂಬ ಇಲಾಖೆಯನ್ನು ಏರ್ಪಡಿಸಿದರು. ಟಿಪ್ಪೂ ಸುಲ್ತಾನನ ಕಾಲದಲ್ಲಿ ಅದಕ್ಕೆ ಅಮೃತಮಹಲ್ ಎಂಬ ಹೆಸರಾಯಿತು. ಇದರ ಕಾವಲುಗಳಲ್ಲಿ ಮೂರು ವಿಧ. ಮಳೆಯಲ್ಲಿ ಹುಲ್ಲು ಸಮೃದ್ಧವಾಗಿ ಬೆಳೆಯುವ ನೆಲ ಮಳೆಗಾಲಕ್ಕೆ. ಹಳ್ಳಗಳು ಹರಿಯುವ ನೆಲ ಚಳಿಗಾಲಕ್ಕೆ. ನೆರಳೂ ನೀರೂ ಉಳ್ಳದ್ದು ಬೇಸಗೆಗೆ. ಮೇವನ್ನು ದನಗಳ ಬಳಿಗೆ ಸಾಗಿಸುವುದಕ್ಕಿಂತ ದನಗಳನ್ನೇ ಮೇವಿರುವೆಡೆಗೆ ನಡೆಸುವುದು ಈ ವ್ಯವಸ್ಥೆಯ ತತ್ತ್ವವಾಗಿತ್ತು.

ಮಲೆನಾಡಿನ ಸ್ಥಿತಿ ಬೇರೆ. ಅಲ್ಲಿ ಮಳೆ ಅಧಿಕ. ಹುಲ್ಲು ಬೇಗನೆ ಬೆಳೆದು, ಮಳೆ ನಿಂತ ಮೇಲೆ ಬಲಿತು ಒರಟಾಗುತ್ತದೆ. ಅದರಲ್ಲಿ ಸಾರ ಕಡಮೆ. ಮಲೆನಾಡು ಗಿಡ್ಡ ತಳಿಯ ಕುಳ್ಳು ದನಗಳು ಬೆಳಗ್ಗೆ ಗುಡ್ಡಕ್ಕೆ ಹೋಗಿ ಸಂಜೆ ಮನೆಗೆ ಮರಳುತ್ತಿದ್ದವು. ಕೊಟ್ಟಿಗೆಯ ಬಾನಿಯಲ್ಲಿ ಅವಕ್ಕಾಗಿ ತೌಡು ಬೆರೆಸಿದ ಅಕ್ಕಚ್ಚು ಕಾದಿರುತ್ತಿತ್ತು. ಈ ಅಲ್ಪ ಮೇವು ದನವನ್ನು ಮನೆಗೆ ಕರೆತರುತ್ತಿತ್ತು. ರಾತ್ರಿಯ ಸಗಣಿ ಸೊಪ್ಪಿನೊಡನೆ ಕೊಳೆತು ಗದ್ದೆಗೂ ತೋಟಕ್ಕೂ ಗೊಬ್ಬರವಾಗುತ್ತಿತ್ತು.

ದನಗಳು ಮುಖ್ಯವಾಗಿ ಬೆಳಗಿನ ಹೊತ್ತೂ ಇಳಿಹೊತ್ತೂ ಮೇಯುತ್ತವೆ. ಬಿಸಿಲೇರಿದಾಗ ನೆರಳಿನಲ್ಲಿ ಮೆಲುಕುಹಾಕುತ್ತವೆ. ಮೇಯುವ ಹೊತ್ತಿನಲ್ಲಿಯೇ ಕಾಳಿನ ಮೇವನ್ನಿಟ್ಟರೆ ಎಳೆಯ ದನ ಹುಲ್ಲನ್ನು ಬಿಟ್ಟು ಬಾನಿಯ ಬಳಿ ನಿಲ್ಲುತ್ತದೆ. ಕಾಳು ಹೆಚ್ಚಿದಷ್ಟೂ ಮೇಯುವ ಅವಧಿ ಸಾಮಾನ್ಯವಾಗಿ ಕುಗ್ಗುತ್ತದೆ. ಆದರೆ ಹುಲ್ಲು ಒಣಗಿದ ಕಾಲದಲ್ಲಿ ಸ್ವಲ್ಪ ಹಿಂಡಿಯನ್ನು ಕೊಟ್ಟರೆ ಹೊಟ್ಟೆಯ ಸೂಕ್ಷ್ಮಜೀವಿಗಳಿಗೆ ಸಾರಜನಕ ಒದಗಿ, ಒರಟು ಹುಲ್ಲು ಚೆನ್ನಾಗಿ ಜೀರ್ಣವಾಗುತ್ತದೆ. ಆಗ ದನ ಹೆಚ್ಚು ಹುಲ್ಲನ್ನು ತಿನ್ನಬಲ್ಲದು. ಆದುದರಿಂದ ಮೇದು ಬಂದ ಮೇಲೆ ಮಿತವಾಗಿ ಕೊಡುವ ಮಲೆನಾಡಿನ ವಾಡಿಕೆ ಮೇಯುವಿಕೆಗೆ ಅಡ್ಡಿಯಾಗುತ್ತಿರಲಿಲ್ಲವೆಂದು ನಾವು ಭಾವಿಸುತ್ತೇವೆ.

ಎರಡು ಪದ್ಧತಿಗಳಿಗೂ ಮೇಯುವ ನೆಲವೇ ಆಧಾರ. ೧೮೬೦ರಲ್ಲಿ ಮಿತವ್ಯಯದ ನೆಪದಿಂದ ಅಮೃತಮಹಲ್ ಹಿಂಡನ್ನು ಸರ್ಕಾರ ಮಾರಿಬಿಟ್ಟಿತು. ೧೮೬೬ರಲ್ಲಿ ಮತ್ತೆ ಹಿಂಡನ್ನು ಕಟ್ಟಬೇಕಾಯಿತು. ೧೮೮೨ರಲ್ಲಿ ಅದು ಮೈಸೂರು ಸರ್ಕಾರದ ವಶಕ್ಕೆ ಬಂದಿತು. ಕಾವಲುಗಳು ಉಳಿದಿದ್ದುದರಿಂದಲೇ ಈ ಪುನರುದ್ಧಾರಕ್ಕೆ ಅವಕಾಶವಿತ್ತು. ಅನಂತರ ಅವು ಬೇಸಾಯಕ್ಕೂ ನೆಡುತೋಪುಗಳಿಗೂ ಇತರ ಕಾರ್ಯಗಳಿಗೂ ಹೋಗಿ ಬಹಳವಾಗಿ ಕುಗ್ಗಿವೆ. ಮಲೆನಾಡಿನಲ್ಲಿಯೂ ದನ ಮೇಯುತ್ತಿದ್ದ ಅನೇಕ ಇಳಿಜಾರುಗಳನ್ನು ಕಾಫಿ ಆವರಿಸಿದೆ. ಹುಲ್ಲಿಗೆ ಪೂರಕವಾಗಿದ್ದ ಹಿಂಡಿ, ಬೂಸಗಳು ಹುಲ್ಲಿನ ಸ್ಥಾನವನ್ನೇ ತುಂಬಬೇಕಾದಲ್ಲಿ ಖರ್ಚು ಏರುತ್ತದೆ. ಬಡ ರೈತ ದನವನ್ನೇ ಬಿಡುತ್ತಾನೆ. ಅಜ್ಜಂಪುರದ ತಳಿ ಸಂವರ್ಧನಾ ಕೇಂದ್ರವು ತಳಿಯನ್ನು ಕಾಪಾಡುತ್ತಿರುವುದು ಸ್ತುತ್ಯವೇ ಸರಿ. ಉಳಿದಿರುವ ಕಾವಲುಗಳ ರಕ್ಷಣೆಯೂ ಅದೇ ಕಾರ್ಯದ ಭಾಗವೆಂದು ನಾವು ಎಣಿಸುತ್ತೇವೆ.