ನೃತ್ಯ ಚಿತ್ರೀಕರಣ
ಕುಣಿತವನ್ನು ಚಲನಚಿತ್ರದಲ್ಲಿ ದಾಖಲಿಸುವ ಕಲೆ. ಇಡೀ ದೇಹ ಕಾಣುವ ಚೌಕಟ್ಟು, ತುಂಡಾಗದ ಕಾಲ ಇವೆರಡೇ ಅದರ ಜೀವಾಳ. ಸತ್ಯಜಿತ್ ರಾಯ್ ಅವರ ‘ಬಾಲಾ’ (1976) ಸಾಕ್ಷ್ಯಚಿತ್ರದಲ್ಲಿ ಭರತನಾಟ್ಯ ಕಲಾವಿದೆ ಟಿ. ಬಾಲಸರಸ್ವತಿ, ಕೃಷ್ಣನನ್ನು ಕರೆಯುವ ವ್ಯಾಸರಾಯರ ಕನ್ನಡ ಕೀರ್ತನೆಯನ್ನು ಕಡಲತೀರದಲ್ಲಿ ಅಭಿನಯಿಸಿದ್ದಾರೆ. ಗಾಳಿಗೆ ಸೀರೆ ಹಾರಾಡಿ ಗಮನ ಸೆಳೆಯುತ್ತದೆಂಬ ಆಕ್ಷೇಪವಿದ್ದರೂ, ಕರೆಯುವ ಕೈ ಮತ್ತು ಕಣ್ಣಿನ ಭಾವ ಮುಂದಿನ ಪೀಳಿಗೆಗೆ ದಕ್ಕಿದೆ.

ಗಜೇಂದ್ರಗಡ, ರೋಣ, ನರಗುಂದ ಸೀಮೆಯ ದೊಡ್ಡಾಟವೆಂಬ ಬಯಲಾಟಕ್ಕೂ ಇಡೀ ದೇಹ ಕಾಣಬೇಕೆಂಬ ನಿಯಮ ಸಲ್ಲುತ್ತದೆ. ಕಿರೀಟ, ಭುಜಕೀರ್ತಿ ತೊಟ್ಟ ಪಾತ್ರಧಾರಿಯ ವೀರಾವೇಶದ ಹೆಜ್ಜೆ ಹಿಮ್ಮೇಳದ ಮದ್ದಳೆಯೊಂದಿಗೆ ಸೇರಿದಾಗಲೇ ಅರ್ಥ ಪಡೆಯುವುದರಿಂದ, ಬರೀ ಮುಖ ತೋರಿಸಿದರೆ ಕುಣಿತ ಉಳಿಯದು. ಪ್ರೇಕ್ಷಕರ ನಡುವಿನ ಬಯಲಾಟದ ಬಿಸಿ ಪರದೆಗೆ ಬಾರದೆಂಬುದು ನಿಜ. ಆದರೆ ಹೆಜ್ಜೆಯನ್ನು ಮತ್ತೆ ಮತ್ತೆ ನೋಡಿ ಕಲಿಯುವ ಅವಕಾಶ ಬರಹದ ದಾಖಲೆಯಿಂದ ಸಿಗದು. ಚಿತ್ರ ಗುರುವಿಗೆ ಬದಲಿಯಲ್ಲ, ಆಸರೆ.